ಸೇವೆ ಯಾರದು, ಸವಾರಿ ಯಾರದು?

ಗೆಳೆಯರೆ, ಮೊದಲು ‘ಸೇವೆ’ ಎನ್ನುವ ಈ ಮಾತನ್ನೇ ಹಿಡಿದು ನಿಲ್ಲಿಸಿ ಕೇಳೋಣ. ಈ ನಾಡಿನಲ್ಲಿ ತಲೆತಲಾಂತರದಿಂದ ಸೇವೆ ಮಾಡಿದವರು ಯಾರು? ಸತ್ತ ದನ ಎಳೆದವರು, ಬುಟ್ಟಿ ಹೆಣೆದವರು, ಊರಿನ ಹೇಲು ಹೊತ್ತವರು, ಧಣಿಯ ಕೊಟ್ಟಿಗೆಯಲ್ಲಿ ಸಗಣಿ ಬಾಚಿದವರು. ಅವರು ಮಾಡಿದ್ದನ್ನು ಯಾರೂ ಸೇವೆ ಅನ್ನಲಿಲ್ಲ. ಚಾಕರಿ ಅಂದರು, ಬಿಟ್ಟಿ ಅಂದರು, ನಿಮ್ಮ ಜಾತಿಯ ಕಸುಬು ಅಂದರು. ಅದೇ ಇಸ್ತ್ರಿ ಮಾಡಿದ ಬಿಳಿ ಅಂಗಿಯವನು ಕಾರಿನಿಂದ ಇಳಿದು ಒಂದು ಅಡಿಗಲ್ಲಿಗೆ ಹೂವು ಏರಿಸಿ ಹೋದರೆ ಅದು ಜನಸೇವೆ! ಬೆನ್ನು ಬಾಗಿಸಿದವನಿಗೆ ಚಾಕರಿಯ ಹೆಸರು, ಬೆನ್ನಿನ ಮೇಲೆ ಕೂತವನಿಗೆ ಸೇವೆಯ ಹೆಸರು.

ಈ ಮಾತನ್ನು ಗಾಳಿಯಲ್ಲಿ ಆಡುವುದು ಬೇಡ. ಉತ್ತರ ಕನ್ನಡದ ಘಟ್ಟದ ಮೇಲಿನ ನಾಲ್ಕು ತಾಲೂಕುಗಳನ್ನು ಎದುರಿಗೆ ಇಟ್ಟುಕೊಂಡೇ ಮಾತಾಡೋಣ. ಹಳಿಯಾಳ, ದಾಂಡೇಲಿ, ಜೋಯಿಡಾ ಸೇರಿ ಒಂದು ವಿಧಾನಸಭಾ ಕ್ಷೇತ್ರ. ಮುಂಡಗೋಡ ಯಲ್ಲಾಪುರ ಕ್ಷೇತ್ರದ ಪಾಲು. ಹಳಿಯಾಳದಿಂದ ಆರ್.ವಿ. ದೇಶಪಾಂಡೆಯವರು 1983ರಲ್ಲಿ ಮೊದಲ ಸಲ ಆರಿಸಿ ಬಂದರು. 2008ರಲ್ಲಿ ಒಮ್ಮೆ ಸೋತರು. ಅದು ಬಿಟ್ಟರೆ 2023ರವರೆಗೆ ಒಂಬತ್ತು ಗೆಲುವು. ಮೊದಲು ಜನತಾ ಪರಿವಾರ, 1999ರಿಂದ ಕಾಂಗ್ರೆಸ್ಸು. ಕೈಗಾರಿಕೆ, ಉನ್ನತ ಶಿಕ್ಷಣ, ಪ್ರವಾಸೋದ್ಯಮ, ಕಂದಾಯ ಹೀಗೆ ಹಲವು ಖಾತೆಗಳ ಮಂತ್ರಿ. 2008ರ ಸೋಲಿನ ಬಳಿಕ ಪಕ್ಷದ ರಾಜ್ಯಾಧ್ಯಕ್ಷ. 2023ರ ಕೊನೆಯಲ್ಲಿ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷಗಿರಿ. ಜನಸೇವೆ, ಪಕ್ಷ ಸಂಘಟನೆ, ಆಡಳಿತ ಸುಧಾರಣೆ ಈ ಮೂರನ್ನೂ ಕುರಿತು ಮಾತಾಡುವ ಅಧಿಕಾರ ಇಷ್ಟು ದೀರ್ಘಕಾಲ ಇದ್ದ ಇನ್ನೊಬ್ಬ ರಾಜಕಾರಣಿ ಆ ಜಿಲ್ಲೆಯಲ್ಲಿ ಈಗ ಇಲ್ಲ. ಅದಕ್ಕೇ ಅವರ ಹೆಸರು ಹಿಡಿದು ಮಾತಾಡುವುದು. ವೈಯಕ್ತಿಕ ಹಗೆ ಏನೂ ಇಲ್ಲ. ಹಳಿಯಾಳದಲ್ಲಿ ಅವರ ಮನೆತನದ ಟ್ರಸ್ಟ್ ಐತಿ, ಅಲ್ಲಿ ಹುಡುಗರಿಗೆ ಕಸುಬು ಕಲಿಸುತ್ತಾರೆ, ತಂದೆಯ ಹೆಸರಿನ ಎಂಜಿನಿಯರಿಂಗ್ ಕಾಲೇಜು ಐತಿ. ಇದ್ದದ್ದನ್ನು ಇಲ್ಲ ಅನ್ನುವುದು ನಮ್ಮ ಜಾಯಮಾನವಲ್ಲ.

ಆದರೆ 2025ರ ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ನಾಡೆಲ್ಲ ಒಂದು ವಿಡಿಯೊ ನೋಡಿತು. ಜೋಯಿಡಾ ಕಡೆಯ ಬಸುರಿಯರು ಪಡುವ ಪಾಡು ಹೇಳಿ, ತಾಲೂಕಿಗೆ ಒಳ್ಳೆಯ ಆಸ್ಪತ್ರೆ ಯಾವಾಗ ಎಂದು ಒಬ್ಬ ಪತ್ರಕರ್ತೆ ಕೇಳಿದಳು. ನಿನ್ನ ಹೆರಿಗೆ ಬಂದಾಗ ಮಾಡಿಸೋಣ ಎಂಬ ಅರ್ಥದ ಮಾತನ್ನು ಶಾಸಕರು ನಗುತ್ತಾ ಆಡಿದರು. ಹೆಂಗಸಿಗೆ ಆಡಿದ ಆ ಮಾತಿನ ಅಸಹ್ಯವನ್ನು ಆಗಲೇ ಬಹಳ ಜನ ಖಂಡಿಸಿದರು, ಸರಿಯಾಗಿಯೇ ಖಂಡಿಸಿದರು. ನನಗೆ ಅದರೊಳಗೆ ಇನ್ನೊಂದು ಸಂಗತಿ ಕಾಣುತ್ತದೆ. ಆಕೆ ಕೇಳಿದ್ದು ತಾಲೂಕಿನ ಪ್ರಶ್ನೆ. ಬಂದ ಉತ್ತರ ‘ನಿನ್ನ’ ಹೆರಿಗೆಯದು. ಪ್ರಶ್ನೆ ಹೋದದ್ದು ಪ್ರಜಾಪ್ರತಿನಿಧಿಗೆ, ಉತ್ತರ ಹೊರಟದ್ದು ಧಣಿಯ ಬಾಯಿಂದ. ನಾಲಗೆ ಜಾರಿತು ಎಂದು ಬಿಡುವ ಮಾತಲ್ಲ ಇದು. ಸೇವೆಯ ರಾಜಕೀಯ ನಾಲ್ಕು ದಶಕ ಇದೇ ವ್ಯಾಕರಣದಲ್ಲಿ ಮಾತಾಡಿದೆ. ‘ನಿನಗೆ ಕಷ್ಟ ಐತಾ? ಬಾ, ಮಾಡಿಸಿಕೊಡ್ತೀನಿ. ಫೋನ್ ಮಾಡಿ ಹೇಳ್ತೀನಿ, ಹೋಗು.’ ಬಂದವನು ಕೈಮುಗಿದು ಹೋಗುತ್ತಾನೆ. ಮುಂದಿನ ಚುನಾವಣೆಯಲ್ಲಿ ಅವನ ಮನೆಯ ಐದು ಓಟು ಆ ಫೋನಿನ ಋಣಕ್ಕೆ ಜಮಾ ಆಗುತ್ತವೆ. ‘ಸಾಹೇಬ್ರು ಒಂದ್ ಮಾತ್ ಹೇಳಿದ್ರ ಆಕ್ಕೈತಿ’ ಎನ್ನುವುದು ನಮ್ಮ ಹಳ್ಳಿಗಳ ನಿತ್ಯದ ಮಂತ್ರ.

ಈಗ ಯೋಚಿಸಿ. ಜೋಯಿಡಾದಲ್ಲೇ ಹೆರಿಗೆ ಡಾಕ್ಟರು, ಅರಿವಳಿಕೆ ಡಾಕ್ಟರು, ರಕ್ತ, ಆಂಬುಲೆನ್ಸು ಇಪ್ಪತ್ತನಾಲ್ಕು ತಾಸು ಇದ್ದರೆ ಸಾಹೇಬರ ಫೋನಿಗೆ ಏನು ಕೆಲಸ? ಬಸುರಿ ನೇರ ನಡೆದು ಹೋಗಿ ಹಡೆದು ಬರುತ್ತಾಳೆ. ಯಾರಿಗೂ ಕೈಮುಗಿಯುವುದಿಲ್ಲ. ಯಾರ ಋಣವೂ ಉಳಿಯುವುದಿಲ್ಲ. ಆಸ್ಪತ್ರೆ ಬಂದ ದಿನ ಸೇವೆ ಸಾಯುತ್ತದೆ. ಇದು ಯಾರೋ ಕೂತು ಮಾಡಿದ ಸಂಚು ಅಂತ ನಾನು ಹೇಳುತ್ತಿಲ್ಲ. ಸಂಚೇ ಬೇಕಿಲ್ಲ. ಹಕ್ಕಿನಿಂದ ಸಿಗದ್ದು ಉಪಕಾರದಿಂದ ಸಿಗುವ ತನಕ ಉಪಕಾರ ಮಾಡುವವನ ಗದ್ದುಗೆ ಅಲುಗದು, ಅಷ್ಟೆ.

ಜೋಯಿಡಾ ನೋಡದವರಿಗೆ ಹೇಳಬೇಕು. 2011ರ ಜನಗಣತಿಯಲ್ಲಿ ಇಡೀ ತಾಲೂಕಿನ ಜನ ಸುಮಾರು 50 ಸಾವಿರ. ವಿಸ್ತೀರ್ಣದಲ್ಲಿ ಮಾತ್ರ ಜಿಲ್ಲೆಯ ದೊಡ್ಡ ತಾಲೂಕು, ಬಹುಪಾಲು ಕಾಡು. ಮಳೆಗಾಲದಲ್ಲಿ ಹಳ್ಳ ಏರಿದರೆ ಮಜರೆಗಳಿಂದ ರೋಗಿಯನ್ನು ಕಂಬಳಿ ಜೋಲಿಯಲ್ಲಿ ಹೊತ್ತೇ ತರಬೇಕು. ತಂದ ಮೇಲೆ ಹುಬ್ಬಳ್ಳಿಯೋ ಬೆಳಗಾವಿಯೋ ಗೋವೆಯೋ. ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕು ಎಂಬ ಕೂಗು 2022ರ ಜುಲೈನಲ್ಲಿ ದೊಡ್ಡದಾಗಿ ಎದ್ದಿತ್ತು. ಅದೇ ತಿಂಗಳು ಶಿರೂರು ಟೋಲ್ ಗೇಟಿನಲ್ಲಿ, ಈ ಜಿಲ್ಲೆಯಿಂದ ರೋಗಿ ಹೊತ್ತು ಹೊರಟಿದ್ದ ಆಂಬುಲೆನ್ಸ್ ಮಗುಚಿ ನಾಲ್ಕು ಜೀವ ಹೋದವು.

ಇದೇ ತಾಲೂಕಿಗೆ ಒಂದು ಕಾಲದಲ್ಲಿ ಸೂಪಾ ತಾಲೂಕು ಎಂದು ಹೆಸರಿತ್ತು. ಕಾಳಿ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿ, 1980ರ ದಶಕದಲ್ಲಿ ನೀರು ನಿಲ್ಲಿಸಿದಾಗ ಸೂಪಾ ಪೇಟೆ ಮುಳುಗಿತು. ಸುತ್ತಲಿನ ಹಳ್ಳಿ ಮುಳುಗಿದವು. ಗದ್ದೆ ಬಿಟ್ಟವರಲ್ಲಿ ಬಹಳ ಜನ ರಾಮನಗರದ ಕಾಲೋನಿಗೆ ಬಂದು ಬಿದ್ದರು. ಕಾಳಿಯ ನೀರಿನಿಂದ ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾಗಳಲ್ಲಿ ತಯಾರಾದ ಕರೆಂಟು ಬೆಂಗಳೂರಿನ ಕಾರ್ಖಾನೆ ತಿರುಗಿಸಿತು. ಮುಳುಗಿದವರ ನೆಂಟರಿಷ್ಟರ ಮಜರೆಗಳಲ್ಲಿ ಚಿಮಣಿ ಬುಡ್ಡಿ ಆಮೇಲೂ ವರ್ಷಗಟ್ಟಲೆ ಉರಿಯಿತು. ನಾಡಿಗೆ ಬೆಳಕು ಕೊಟ್ಟ ಈ ಜನರ ಕೆಲಸಕ್ಕೆ ಯಾರಾದರೂ ‘ಸೇವೆ’ ಅಂದಿದ್ದು ಕೇಳಿದ್ದೀರಾ?

ದಾಂಡೇಲಿಗೆ ಬನ್ನಿ. 1950ರ ದಶಕದಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲು ಬಂತು. ಜನರಿಗೆ ಕೆಲಸ ಸಿಕ್ಕಿತು, ಊರು ಬೆಳೆಯಿತು, ನಿಜ. ಮಿಲ್ಲಿಗೆ ಸರ್ಕಾರ ಬಿದಿರು ಕೊಟ್ಟ ದರ ಗೊತ್ತೇ? ಟನ್ನಿಗೆ ಒಂದೆರಡು ರೂಪಾಯಿ. ಪೇಟೆಯಲ್ಲಿ ಬುಟ್ಟಿ ಹೆಣೆಯುವ ಮೇದಾರ ಅದೇ ಬಿದಿರಿಗೆ ಕೊಡಬೇಕಾದದ್ದು ಟನ್ನಿಗೆ ಸಾವಿರ ಲೆಕ್ಕದಲ್ಲಿ. ಕಾರ್ಖಾನೆಗಳು ಬಿದಿರು ಮುಗಿಸುತ್ತಿವೆ ಎಂದು 1975ರ ಹೊತ್ತಿಗೆ ಬುಟ್ಟಿ ಹೆಣೆಯುವವರೇ ಸರ್ಕಾರಕ್ಕೆ ದೂರು ಒಯ್ದ ಮೇಲೆ ಮಾಧವ ಗಾಡ್ಗೀಳರು ಬಿದಿರಿನ ಅಧ್ಯಯನಕ್ಕೆ ಇಳಿದರು. ಹಾಗೆ ಈ ಲೆಕ್ಕ ಲೋಕಕ್ಕೆ ತಿಳಿಯಿತು. ಗಳ ಕಡಿದ ಮೇದಾರ ಕಳ್ಳ, ಕಾಡು ಕಡಿದ ಕಂಪನಿ ಅಭಿವೃದ್ಧಿ. ಇದನ್ನು ಅರಣ್ಯ ಇಲಾಖೆ ಜಾರಿ ಮಾಡಿತು, ಮಂತ್ರಿಮಂಡಲ ಸಹಿ ಹಾಕಿತು. ಒಬ್ಬ ಶಾಸಕನ ಕಾಲದ ಕಥೆಯಲ್ಲ ಇದು. ಆದರೆ ‘ಬಂಡವಾಳ ಬರಲಿ, ಬಂದರೆ ಎಲ್ಲರಿಗೂ ಒಳ್ಳೆಯದು’ ಎಂಬ ಆಡಳಿತದ ದರ್ಶನ ಹುಟ್ಟಿದ್ದು ಇಲ್ಲೇ. 2000ದ ಬಂಡವಾಳ ಹೂಡಿಕೆ ಸಮಾವೇಶ, 2016ರ ಸಮಾವೇಶ ಎರಡೂ ನಡೆದಾಗ ಕೈಗಾರಿಕಾ ಮಂತ್ರಿ ಇದೇ ದೇಶಪಾಂಡೆಯವರು. ಬಂಡವಾಳದವನಿಗೆ ಒಂದೇ ಕಿಟಕಿಯಲ್ಲಿ ಎಲ್ಲ ಪರವಾನಗಿ. ಕುಣಬಿಯವನಿಗೆ ಎಷ್ಟು ಕಿಟಕಿ?

ಕುಣಬಿಯ ಮಾತು ಬಂತಲ್ಲ, ಹೇಳಿಬಿಡುತ್ತೇನೆ. 2003ರಲ್ಲಿ ಗೋವೆಯ ಕುಣಬಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅದೇ 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳೂ ಸೇರಿದರು. ಜೋಯಿಡಾದ ಕುಣಬಿ ಮಾತ್ರ ಹೊರಗೆ ಉಳಿದ. ಗಡಿಕಲ್ಲಿನ ಆ ಕಡೆ ಅಣ್ಣ ಬುಡಕಟ್ಟು, ಈ ಕಡೆ ತಮ್ಮ ಬುಡಕಟ್ಟಲ್ಲ! ಮಾತು ಅದೇ, ದೇವರು ಅದೇ, ಗೆಡ್ಡೆಗೆಣಸು ಅದೇ. ಇದರಿಂದ ಆಗುವ ನಷ್ಟ ಬರೀ ಮೀಸಲಾತಿಯದಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವನು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಭೂಮಿ ಸಾಗು ಮಾಡಿದ್ದನ್ನು ತೋರಿಸಿದರೆ ಸಾಕು. ಪಟ್ಟಿಯ ಹೊರಗಿರುವ ಕುಣಬಿ, ಗೌಳಿ ಮೂರು ತಲೆಮಾರು, ಅಂದರೆ 75 ವರ್ಷ ಆ ಕಾಡಿನಲ್ಲೇ ಇದ್ದುದಕ್ಕೆ ಪುರಾವೆ ತರಬೇಕು. 1930ರಲ್ಲಿ ಅಕ್ಷರವನ್ನೇ ಕಾಣದ ಅಜ್ಜನ ಕಾಗದ ಎಲ್ಲಿಂದ ತರುವುದು? ಊರಿನ ಹಿರಿಯರ ಹೇಳಿಕೆಯೂ ಸಾಕ್ಷ್ಯ ಎಂದು 2008ರ ನಿಯಮ ಹೇಳುತ್ತದೆ. ಕಚೇರಿ ಒಪ್ಪುವುದಿಲ್ಲ. ಜಿಲ್ಲೆಯಲ್ಲಿ ಹತ್ತಾರು ಸಾವಿರ ಅರ್ಜಿ ತಿರಸ್ಕಾರವಾದವು. ಇತ್ತ ಮುಂಡಗೋಡದಲ್ಲಿ 1966ರಲ್ಲಿ ಟಿಬೆಟಿನ ನಿರಾಶ್ರಿತರಿಗೆ ಇದೇ ಸರ್ಕಾರ ಸಾವಿರಾರು ಎಕರೆ ಕೊಟ್ಟು ಮನೆ ಕಟ್ಟಿಸಿತು. ಕೊಟ್ಟದ್ದು ಒಳ್ಳೆಯದೇ, ಮನೆ ಕಳಕೊಂಡವನ ಮೇಲೆ ನಮಗೇನು ಹೊಟ್ಟೆಕಿಚ್ಚು? ಮನಸ್ಸು ಮಾಡಿದರೆ ಸರ್ಕಾರಕ್ಕೆ ಕಾಡಿನಲ್ಲೂ ಭೂಮಿ ಸಿಗುತ್ತದೆ ಎಂಬುದಕ್ಕೆ ಹೇಳಿದೆ.

ಇನ್ನು ಆಡಳಿತ ಸುಧಾರಣೆ. ಆಯೋಗ ವರದಿ ಕೊಡುತ್ತದೆ, ಕಡತ ಕಡಿಮೆ ಮಾಡಿ, ಜನರ ಓಡಾಟ ತಪ್ಪಿಸಿ, ಕಂಪ್ಯೂಟರಿನಲ್ಲಿ ಅರ್ಜಿ ತಗೊಳ್ಳಿ ಎನ್ನುತ್ತದೆ. ಬೇಡ ಅನ್ನುವವರು ಯಾರು? ಆದರೆ ನನಗೆ ಬಸವಲಿಂಗಪ್ಪನವರು ನೆನಪಾಗುತ್ತಾರೆ. ಅರಸು ಸರ್ಕಾರದ ಪೌರಾಡಳಿತ ಮಂತ್ರಿಯಾಗಿ ಆತ ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಆಜ್ಞೆ ಹೊರಡಿಸಿದ. ಅದು ಸುಧಾರಣೆ! ಒಬ್ಬ ಮನುಷ್ಯನ ತಲೆಯಿಂದ ಬುಟ್ಟಿ ಇಳಿಯಿತು. ಅದೇ ಮನುಷ್ಯ 1973ರಲ್ಲಿ ಮೈಸೂರಿನಲ್ಲಿ ‘ಬೂಸಾ’ ಎಂಬ ಒಂದು ಮಾತಾಡಿದ್ದಕ್ಕೆ ಊರೂರು ಹೊತ್ತಿ ಉರಿದು, ಕೊನೆಗೆ ಮಂತ್ರಿಗಿರಿ ಕಳಕೊಂಡ. ಹಸಿದವರ ಆಸ್ಪತ್ರೆಯ ಪ್ರಶ್ನೆಗೆ ನಕ್ಕವರಿಗೆ ಯಾವ ಕುರ್ಚಿಯೂ ಹೋಗಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಪಕ್ಷ ಸುಧಾರಣೆಯ ಕಥೆ ಕೇಳಬೇಕಾದರೆ ಮುಂಡಗೋಡಿನ ಮತದಾರನನ್ನು ಕೇಳಿ. ಯಲ್ಲಾಪುರ ಕ್ಷೇತ್ರದ ಶಿವರಾಮ ಹೆಬ್ಬಾರರನ್ನು ಅವನು 2018ರಲ್ಲಿ ಕಾಂಗ್ರೆಸ್ಸಿನ ಹೆಸರಿನಲ್ಲಿ ಆರಿಸಿದ. 2019ರಲ್ಲಿ ಅವರು ರಾಜೀನಾಮೆ ಕೊಟ್ಟರು, ಅನರ್ಹರಾದರು, ಅದೇ ಡಿಸೆಂಬರಿನಲ್ಲಿ ಬಿಜೆಪಿಯಿಂದ ಗೆದ್ದರು, ಮಂತ್ರಿಯಾದರು. 2023ರಲ್ಲಿ ಮತ್ತೆ ಬಿಜೆಪಿಯಿಂದ ಗೆದ್ದು, 2024ರ ರಾಜ್ಯಸಭೆ ಚುನಾವಣೆಗೆ ಗೈರುಹಾಜರಾಗಿ, 2025ರ ಮೇ ತಿಂಗಳಲ್ಲಿ ಬಿಜೆಪಿಯಿಂದ ಉಚ್ಚಾಟನೆಯಾದರು. ಇಷ್ಟೆಲ್ಲ ನಡೆಯುವಾಗ ಮುಂಡಗೋಡಿನ ಲಂಬಾಣಿ, ಸಿದ್ದಿ, ಗೌಳಿಯನ್ನು ಯಾರಾದರೂ ‘ಏನಪ್ಪಾ, ಹೋಗಲಾ?’ ಅಂತ ಕೇಳಿದರಾ? ಕೇಳಿದ್ದರೆ ಅದಕ್ಕೆ ಪಕ್ಷ ಅನ್ನಬಹುದಿತ್ತು. ಈಗಿರುವುದು ಸಂತೆ. 2020ರಲ್ಲಿ ಸಿದ್ದಿ ಜನಾಂಗದ ಶಾಂತಾರಾಮ ಸಿದ್ದಿಯವರು ಮೊದಲ ಸಲ ವಿಧಾನ ಪರಿಷತ್ತಿಗೆ ಹೋದರು, ಸಂತೋಷ. ಹೋದದ್ದು ನಾಮಕರಣದಿಂದ. ಗೆಲ್ಲುವ ಸೀಟಿನಲ್ಲಿ ನಿಲ್ಲಿಸಿ ಓಟು ಕೇಳುವ ಎದೆ ಯಾವ ಪಕ್ಷಕ್ಕೂ ಬರಲಿಲ್ಲ.

ಎದೆಗಾರಿಕೆ ಇದ್ದ ಒಂದು ಕಾಲ ಇತ್ತು. ಇದೇ ಜಿಲ್ಲೆಯ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ನಜೀರ್ ಸಾಬ್ ಪಂಚಾಯತ್ ಮಂತ್ರಿ. 1987ರಲ್ಲಿ ಜಿಲ್ಲಾ ಪರಿಷತ್ತಿಗೆ ಚುನಾವಣೆ ಮಾಡಿ, ಅಧಿಕಾರಿಗಳನ್ನು ಆರಿಸಿ ಬಂದವರ ಕೈಕೆಳಗೆ ಇಟ್ಟರು. ಹೆಗಡೆಯವರ ಬಗ್ಗೆ ನಮಗೆ ನೂರು ತಕರಾರು ಇವೆ, ಇನ್ನೊಮ್ಮೆ ಬರೆಯೋಣ. ಆದರೆ ಕುರ್ಚಿಯಲ್ಲಿದ್ದವರು ಕೈಯಾರೆ ಅಧಿಕಾರ ಕೆಳಗೆ ಇಳಿಸಿದ ಅಪರೂಪದ ಘಟನೆ ಅದು. ಆ ಸರ್ಕಾರದ ಕಡೆ ಕೂತಿದ್ದವರಲ್ಲಿ ಹಳಿಯಾಳದ ಶಾಸಕರೂ ಒಬ್ಬರು. ಈಗ ಏನಾಗಿದೆ? ಜಿಲ್ಲಾ, ತಾಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿಯಿತು. ಬಿಜೆಪಿ ಸರ್ಕಾರ ಕ್ಷೇತ್ರ ವಿಂಗಡಣೆಯನ್ನು ಚುನಾವಣಾ ಆಯೋಗದಿಂದ ಕಸಿದುಕೊಂಡು ಕಾಲ ತಳ್ಳಿತು. ಕಾಂಗ್ರೆಸ್ ಬಂದು ಅದೇ ಹಾದಿ ಹಿಡಿಯಿತು. ವರ್ಷಗಟ್ಟಲೆ ಆಡಳಿತಾಧಿಕಾರಿಗಳ ದರ್ಬಾರು. ಅದೇ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಆಡಳಿತ ಸುಧಾರಣೆಯ ವರದಿಗೆ ರಟ್ಟು ಹಾಕುತ್ತಿದ್ದರು! ಜೋಯಿಡಾದ ಆಸ್ಪತ್ರೆಗೆ ಡಾಕ್ಟರ್ ಯಾಕಿಲ್ಲ ಎಂದು ಸಭೆಯಲ್ಲಿ ಎದ್ದು ಕೇಳಬೇಕಾದ ತಾಲೂಕು ಪಂಚಾಯತಿ ಸದಸ್ಯನೇ ಇಲ್ಲ. ಅದಕ್ಕೇ ಒಬ್ಬ ಪತ್ರಕರ್ತೆ ಕೇಳಬೇಕಾಯಿತು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು, ರಾಜಕೀಯದಲ್ಲಿ ಭಕ್ತಿ ಬಂದರೆ ಸರ್ವಾಧಿಕಾರಕ್ಕೆ ದಾರಿ ಎಂದು ಎಚ್ಚರಿಸಿದ್ದರು. ನಾವು ಭಕ್ತಿ ಮಾಡಿದೆವು, ಅವರು ಸೇವೆ ಮಾಡಿದರು.

ಜೋಯಿಡಾ, ಹಳಿಯಾಳ, ದಾಂಡೇಲಿ, ಮುಂಡಗೋಡದ ಮೇಷ್ಟ್ರುಗಳೇ, ವಿದ್ಯಾರ್ಥಿಗಳೇ, ನಿಮ್ಮ ಮುಂದೆ ಒಂದು ಸಣ್ಣ ಕೆಲಸ ಇಡುತ್ತೇನೆ. ನಿಮ್ಮ ತಾಲೂಕು ಆಸ್ಪತ್ರೆಗೆ ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು, ಕಳೆದ ವರ್ಷ ಹೆರಿಗೆಗೆ ಬಂದವರು ಎಷ್ಟು, ಅವರಲ್ಲಿ ಬೇರೆ ಊರಿಗೆ ಸಾಗಹಾಕಿದ್ದು ಎಷ್ಟು ಎಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ಬಂದ ಉತ್ತರವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಕೆಳಗೆ ಊರಿನ ಹೆಣ್ಣುಮಕ್ಕಳ ಸಹಿ, ಹೆಬ್ಬೆಟ್ಟು ಹಾಕಿಸಿ. ನಕಲು ತೆಗೆದು ಶಾಸಕರಿಗೆ ಒಂದು, ಆಡಳಿತ ಸುಧಾರಣಾ ಆಯೋಗಕ್ಕೆ ಒಂದು ಕಳಿಸಿ. ಹಳಿಯಾಳ ಕ್ಷೇತ್ರದವರು ಆಯೋಗದ ಲಕೋಟೆಯ ಮೇಲೆ ಅಧ್ಯಕ್ಷರ ಹೆಸರನ್ನು ಬೇರೆ ಕೇಳಿ ಬರೆಯಬೇಕಾಗಿಲ್ಲ.