ದೀಪ ಉರಿದರೆ ಸಾಲದು

ಸ್ವಿಚ್ಚು ಒತ್ತಿದೊಡನೆ ದೀಪ ಹತ್ತಿದರೆ ಮನೆಯ ವಾಯರಿಂಗ್ ಸರಿಯಾಗಿದೆಯೆಂದು ನಾವು ತಿಳಿಯುತ್ತೇವೆ. ಇದು ತಪ್ಪು ತಿಳುವಳಿಕೆ. ದೀಪ ಉರಿಯಲು ಫೇಜ್ ಮತ್ತು ನ್ಯೂಟ್ರಲ್ ಎಂಬ ಎರಡೇ ತಂತಿ ಸಾಕು. ಮೂರನೆಯದಾದ ಅರ್ಥಿಂಗ್ ತಂತಿ ಕಡಿದಿದ್ದರೂ ದೀಪ ಉರಿಯುತ್ತದೆ, ಮಿಕ್ಸರ್ ತಿರುಗುತ್ತದೆ. ಆದುದರಿಂದಲೇ ಈ ದೋಷ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಗೊತ್ತಾಗುವುದು ಯಾರಿಗಾದರೂ ಶಾಕ್ ಹೊಡೆದ ದಿನ.

ಜತ್ತ ತಾಲೂಕಿನವರಾದ ನಾವು ಈ ವಿಷಯದಲ್ಲಿ ಹೆಚ್ಚು ಎಚ್ಚರದಿಂದಿರಬೇಕೆಂಬುದು ನಮ್ಮ ಅಭಿಪ್ರಾಯ. ಕಾರಣ ನಮ್ಮ ನೆಲ. ಸೋರಿದ ವಿದ್ಯುತ್ತನ್ನು ಭೂಮಿಗೆ ಇಳಿಸುವುದು ಅರ್ಥಿಂಗಿನ ಕೆಲಸ. ಹಸಿ ಮಣ್ಣು ಅದನ್ನು ಸುಲಭವಾಗಿ ಒಯ್ಯುತ್ತದೆ. ಒಣಗಿದ ಮುರುಮು ಒಯ್ಯುವುದಿಲ್ಲ. ನಮ್ಮದೋ ಮಳೆ ಕಡಿಮೆಯಾದ ಸೀಮೆ.

ಓಮನ ನಿಯಮ ಕಲಿತ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ. ಮನೆಗೆ ಬರುವುದು 230 ವೋಲ್ಟ್. ಅರ್ಥಿಂಗಿನ ರೋಧ 10 ಓಮ್ ಇದ್ದರೆ, ಇಸ್ತ್ರಿ ಪೆಟ್ಟಿಗೆಯ ಮೈಗೆ ಫೇಜ್ ತಗುಲಿದಾಗ 23 ಆಂಪಿಯರ್ ಹರಿಯುತ್ತದೆ. 5 ಆಂಪಿಯರಿನ ಫ್ಯೂಜ್ ಕೂಡಲೇ ಕರಗುತ್ತದೆ. ನೆಲ ಒಣಗಿ ರೋಧ 100 ಓಮ್ ಆದರೆ ಹರಿಯುವುದು 2.3 ಆಂಪಿಯರ್ ಮಾತ್ರ. ಫ್ಯೂಜ್ ಕರಗುವುದಿಲ್ಲ, ಇಸ್ತ್ರಿಯ ಮೈಯಲ್ಲಿ ವಿದ್ಯುತ್ತು ಹಾಗೆಯೇ ಉಳಿಯುತ್ತದೆ. ಅದನ್ನು ಮುಟ್ಟುವ ಕೈ ಯಾರದು?

ಕೆಲವು ದೋಷಗಳನ್ನು ನಾವು ಕಣ್ಣಿನಿಂದಲೇ ಗುರುತಿಸಬಹುದು. ಮೂರು ಕಾಲಿನ ಪ್ಲಗ್ಗಿನ ದಪ್ಪ ಕಾಲನ್ನು ಮುರಿದಿರುವುದು, ಪ್ಲಗ್ಗೇ ಇಲ್ಲದೆ ತಂತಿಯನ್ನು ಕಡ್ಡಿಯಿಂದ ಸಿಗಿಸಿರುವುದು, ಫ್ಯೂಜಿನಲ್ಲಿ ದಪ್ಪ ತಾಮ್ರದ ತಂತಿ ಸುತ್ತಿರುವುದು, ಅರ್ಥಿಂಗ್ ತಂತಿ ತುಕ್ಕು ಹಿಡಿದು ಜೋತಾಡುವುದು, ಸವೆದ ವಾಯರು ಪತ್ರಾಸಿಗೆ ಇಲ್ಲವೆ ಬಟ್ಟೆ ಒಣಹಾಕುವ ತಂತಿಗೆ ತಾಗಿರುವುದು, ಇವೆಲ್ಲ ಅಪಾಯದ ಗುರುತುಗಳು. ನಲ್ಲಿಯನ್ನೋ ಫ್ರಿಜ್ಜನ್ನೋ ಮುಟ್ಟಿದಾಗ ಜುಮ್ಮೆಂದರೆ ಅದನ್ನು ನಗೆಯಾಡಿ ಬಿಡಬಾರದು.

ಕೆಲವು ದೋಷಗಳು ಬೋರ್ಡಿನ ಒಳಗೆ ಅಡಗಿರುತ್ತವೆ. ಸ್ವಿಚ್ಚನ್ನು ಫೇಜಿಗೆ ಬದಲು ನ್ಯೂಟ್ರಲ್‌ಗೆ ಹಾಕಿದ್ದರೆ ದೀಪ ಆರಿದ ಮೇಲೂ ಹೋಲ್ಡರಿನಲ್ಲಿ ವಿದ್ಯುತ್ತು ಇರುತ್ತದೆ. ಸಾಕೆಟ್ಟಿನ ಅರ್ಥಿಂಗನ್ನು ನ್ಯೂಟ್ರಲ್‌ಗೆ ಕೂಡಿಸಿಬಿಟ್ಟಿದ್ದರೆ, ನ್ಯೂಟ್ರಲ್ ಕಡಿದ ಗಳಿಗೆಯಲ್ಲಿ ಯಂತ್ರದ ಮೈಯೆಲ್ಲ ವಿದ್ಯುನ್ಮಯವಾಗುತ್ತದೆ. ವಿದ್ಯಾರ್ಥಿಗಳು ಬೋರ್ಡು ಬಿಚ್ಚುವ ಸಾಹಸ ಮಾಡಲೇಬಾರದು. ಅದು ಪರವಾನಗಿ ಪಡೆದ ವಾಯರಮನ್‌ನ ಕೆಲಸ. ಅವನಿಂದ ವರ್ಷಕ್ಕೊಮ್ಮೆ, ಅದೂ ಬೇಸಿಗೆಯಲ್ಲಿ, ಅರ್ಥಿಂಗಿನ ರೋಧ ಅಳೆಯಿಸಬೇಕು. 30 ಮಿಲಿಆಂಪಿಯರ್ ಸೋರಿದರೆ ಸಾಕು, ಕ್ಷಣಾರ್ಧದಲ್ಲಿ ವಿದ್ಯುತ್ತನ್ನು ಕಡಿಯುವ ಆರ್.ಸಿ.ಸಿ.ಬಿ. ಎಂಬ ಸಾಧನವನ್ನೂ ಕೂಡಿಸಬೇಕು.

ಕುಡಿಯಲು ನೀರಿಲ್ಲದ ಊರಲ್ಲಿ ಅರ್ಥಿಂಗಿನ ಗುಂಡಿಗೆ ನೀರು ಸುರಿಯುವುದೇ ಎಂದು ಪಾಲಕರು ಕೇಳಬಹುದು. ಪಾತ್ರೆ ತೊಳೆದ ನೀರಾದರೂ ಆದೀತು; ಗುಂಡಿ ಹಸಿಯಾಗಿದ್ದರೆ ಸರಿ. ಮದುವೆಗೆ, ಜಾತ್ರೆಗೆ ಕೈಬಿಚ್ಚಿ ಖರ್ಚು ಮಾಡುವ ನಾವು ಮಕ್ಕಳ ಪ್ರಾಣ ಕಾಯುವ ಒಂದು ತಂತಿಗೆ ಲೋಭ ಮಾಡುವುದು ತರವಲ್ಲ. ವಿದ್ಯಾರ್ಥಿ ಮಿತ್ರರೇ, ಇಂದು ಮನೆಗೆ ಹೋದೊಡನೆ ನಿಮ್ಮ ಮನೆಯ ಅರ್ಥಿಂಗಿನ ಗುಂಡಿ ಎಲ್ಲಿದೆಯೆಂದು ತಂದೆಯವರನ್ನು ಕೇಳಿರಿ. ಉತ್ತರ ಸಿಗದಿದ್ದರೆ, ಪರೀಕ್ಷೆ ಮಾಡಿಸುವ ಕಾಲ ಬಂದಿದೆಯೆಂದೇ ತಿಳಿಯಿರಿ.