ಮೈದಾನ ಸುತ್ತುವುದು ಶಿಕ್ಷೆಯೇ?

 

ನಮ್ಮ ಶಾಲೆಯ ಗೋಡೆ ಮೇಲೆ ‘ಆರೋಗ್ಯವೇ ಭಾಗ್ಯ’ ಎಂದು ದಪ್ಪಕ್ಷರದಲ್ಲಿ ಬರೆದಿದೆ. ನಾವು ದಿನಾ ಅದನ್ನು ನೋಡ್ತೀವಿ. ಪರೀಕ್ಷೆಯಲ್ಲಿ ಅದರ ಮೇಲೆ ಪ್ರಬಂಧ ಬರೆದು ಅಂಕವನ್ನೂ ತಗೋತೀವಿ. ಆದರೆ ಹೋಂವರ್ಕ್ ಮಾಡದೆ ಬಂದರೆ ಏನು ಶಿಕ್ಷೆ? ಮೈದಾನ ಐದು ಸುತ್ತು. ಪ್ರೇಯರ್‌ಗೆ ತಡವಾದರೆ? ಇಪ್ಪತ್ತು ಬಸ್ಕಿ. ಒಂದನೇ ಕ್ಲಾಸಿನಿಂದ ಹೀಗೇ ನಡೆದು ಬಂದು, ಓಟ ಅಂದ್ರೆ ಶಿಕ್ಷೆ, ಬಸ್ಕಿ ಅಂದ್ರೆ ಅವಮಾನ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಶಿಕ್ಷೆ ಅಂತ ಕಲಿತದ್ದನ್ನು ಯಾರು ತಾನೇ ಖುಷಿಯಿಂದ ಮಾಡ್ತಾರೆ ಹೇಳಿ?

ಅದೇ ಬಸ್ಕಿಯನ್ನು ಮೈಸೂರಿನ ಗರಡಿಮನೆಗಳಲ್ಲಿ ನೋಡಬೇಕು. ಅಲ್ಲಿ ಮಟ್ಟಿಗೆ ಪೂಜೆ ಮಾಡ್ತಾರೆ. ಪೈಲ್ವಾನರು ಕೈಮುಗಿದು ಒಳಗೆ ಇಳೀತಾರೆ, ಆಮೇಲೆ ದಂಡೆ ಬಸ್ಕಿ ಹೊಡೀತಾರೆ. ಅಲ್ಲಿ ಅದು ವಿದ್ಯೆ. ನಮ್ಮಲ್ಲಿ ಅದು ದಂಡನೆ. ಇದನ್ನು ನಮ್ಮ ಗುರುಗಳನ್ನು ದೂರುವುದಕ್ಕೆ ಬರೆಯುತ್ತಿಲ್ಲ. ಅವರನ್ನೂ ಚಿಕ್ಕವರಿದ್ದಾಗ ಹೀಗೇ ಓಡಿಸಿರಬಹುದು. ಆದರೂ ಹೇಳಲೇಬೇಕು ಅನ್ನಿಸಿತು, ಏಕೆಂದರೆ ನಮ್ಮಲ್ಲಿ ಶಿಸ್ತು ಇಲ್ಲ ಅಂತ ಎಲ್ಲರೂ ಬೈತಾರೆ, ಆ ಶಿಸ್ತು ಎಲ್ಲಿಂದ ಬರಬೇಕು ಅಂತ ಯಾರೂ ಹೇಳಲ್ಲ.

ಹೋಬಳಿ ಮಟ್ಟದ ಕ್ರೀಡಾಕೂಟದ ವಿಷಯವನ್ನೇ ತಗೊಳ್ಳಿ. ಸುತ್ತೋಲೆ ಬಂದ ಮಾರನೆಯ ದಿನ ನಮಗೆ ಜೋಶ್ ಬರುತ್ತೆ. ಇನ್ನು ಹದಿನೈದೇ ದಿನ! ಮೊದಲನೇ ದಿನವೇ ಹತ್ತು ಸುತ್ತು ಓಡ್ತೀವಿ. ಎರಡನೇ ದಿನ ಮೀನಖಂಡ ಹಿಡಿದುಕೊಂಡು ಮೆಟ್ಟಿಲು ಇಳಿಯೋಕಾಗಲ್ಲ. ಮೂರನೇ ದಿನ ಅರ್ಧ ಜನ ನಾಪತ್ತೆ. ವಾರ ಕಳೆಯೋದರೊಳಗೆ ಒಬ್ಬರ ಕಾಲು ಉಳುಕಿರುತ್ತೆ. ಉಳಿಯೋದು ಪ್ರತಿ ವರ್ಷ ಗೆಲ್ಲುವ ಅದೇ ನಾಲ್ಕು ಜನ. ಕ್ರೀಡಾಕೂಟ ಮುಗಿದ ಮೇಲೆ ಮೈದಾನ ಮೇಕೆಗಳಿಗೆ ಬಿಟ್ಟಿದ್ದು. ‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಅನ್ನೋದು ಇದಕ್ಕೇ.

ಹದಿನೈದು ದಿನದಲ್ಲಿ ದೇಹ ಬದಲಾಗೋದಿಲ್ಲ. ದಿನಾ ಓಡಿದರೆ ಮೊದಲು ಉಸಿರು ಹಿಡಿತಕ್ಕೆ ಬರುತ್ತೆ, ಆಮೇಲೆ ಮಾಂಸಖಂಡ ಗಟ್ಟಿಯಾಗುತ್ತೆ. ಮೂಳೆ ಮತ್ತು ಸ್ನಾಯುವಿನ ಕಟ್ಟುಗಳು ಗಟ್ಟಿಯಾಗೋಕೆ ತಿಂಗಳುಗಟ್ಟಲೆ ಬೇಕು. ಉಸಿರು ಸಾಲುತ್ತೆ ಅಂತ ಹುರುಪಿನಲ್ಲಿ ಓಡಿದವನಿಗೆ ಮಂಡಿ ನೋವು ಬರೋದು ಇದಕ್ಕೇ. ಜೂನ್‌ನಲ್ಲಿ ಎರಡೇ ಸುತ್ತು ಓಡಿ, ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ, ವಾರದಲ್ಲಿ ಒಂದು ದಿನ ಪೂರ್ತಿ ಬಿಡುವು ಕೊಟ್ಟರೆ ಆಗಸ್ಟ್ ಹೊತ್ತಿಗೆ ಹತ್ತು ಸುತ್ತು ಏನೂ ಅನ್ನಿಸೋದಿಲ್ಲ. ಬಿಡುವಿನ ದಿನ ಸೋಮಾರಿತನ ಅಲ್ಲ, ದೇಹ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳೋದು ಅವತ್ತು. ನಮ್ಮ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆಯೂ ಬೇಕು. ರಾತ್ರಿ ಹನ್ನೊಂದರವರೆಗೆ ಅಪ್ಪನ ಮೊಬೈಲ್ ನೋಡಿ ಬೆಳಿಗ್ಗೆ ಐದಕ್ಕೆ ಓಡ್ತೀನಿ ಅನ್ನೋದು ಎರಡು ದಿನದ ಮಾತು.

ಮೊಬೈಲ್ ಅಂದಾಗ ನೆನಪಾಯ್ತು. 21 ದಿನದಲ್ಲಿ ಹೊಟ್ಟೆ ಕರಗಿಸಿ, ಮುದ್ದೆ ಅನ್ನ ಬಿಡಿ, ಈ ಡಬ್ಬಿಯ ಪುಡಿ ಕುಡಿಯಿರಿ ಅಂತ ಅದರಲ್ಲಿ ಬರುತ್ತಲ್ಲ, ಅದನ್ನು ನೋಡಿ ನಮ್ಮ ಕ್ಲಾಸಿನ ಕೆಲವರು ಮುದ್ದೆ ಬಿಟ್ಟಿದ್ದಾರೆ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಅನ್ನೋ ಊರಿನಲ್ಲಿ ಇದೆಂಥ ಕಥೆ! 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ಮೂಳೆ ಬೆಳೆಯುವ ವಯಸ್ಸಿನಲ್ಲಿ ಯಾವುದನ್ನು ಬಿಡಬೇಕು ನೀವೇ ಯೋಚಿಸಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಒಂದು ಹಿಡಿ ಕಡಲೆಕಾಯಿ ಬೀಜದಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ. ಹುರುಳಿಕಾಳು, ಅವರೆಕಾಳು, ನುಗ್ಗೆಸೊಪ್ಪು ಯಾವ ಡಬ್ಬಿಯಲ್ಲೂ ಬರಲ್ಲ, ನಮ್ಮ ಹೊಲದಲ್ಲಿ, ಹಿತ್ತಲಲ್ಲೇ ಬೆಳೆಯುತ್ತೆ.

ಶಾಲೆಯಲ್ಲಿ ಸಿಗುವುದೂ ಕಡಿಮೆಯೇನಲ್ಲ. 2013ರಲ್ಲಿ ಕ್ಷೀರಭಾಗ್ಯದ ಹಾಲು ಶುರುವಾಯ್ತು. 2024ರಲ್ಲಿ ಹಾಲಿನ ಜೊತೆಗೆ ರಾಗಿ ಮಾಲ್ಟ್ ಬಂತು, ಅದೇ ವರ್ಷ ಮೊಟ್ಟೆಯನ್ನು ವಾರಕ್ಕೆ ಆರು ದಿನ ಮಾಡಿದರು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಆದರೂ ನಮ್ಮಲ್ಲಿ ಕೆಲವರು ಹಾಲನ್ನು ಗಿಡದ ಬುಡಕ್ಕೆ ಚೆಲ್ಲಿ, ಅಂಗಡಿಗೆ ಓಡಿ ಐದು ರೂಪಾಯಿ ಕುರುಕಲು ಪೊಟ್ಟಣ ತಂದು ತಿಂತಾರೆ. (ಆ ಗಿಡ ಮಾತ್ರ ಚೆನ್ನಾಗಿದೆ.)

ಇದಕ್ಕಿಂತ ದೊಡ್ಡ ವಿಷಯ ನಮ್ಮ ಹುಡುಗಿಯರದು. ಪ್ರೇಯರ್‌ನಲ್ಲಿ ತಲೆಸುತ್ತಿ ಬೀಳುವವರು ಹೆಚ್ಚಾಗಿ ಯಾರು ಅಂತ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ, ಪಾತ್ರೆ ತೊಳೆದು, ತಮ್ಮನಿಗೆ ತಲೆ ಬಾಚಿ, ಒಂದು ಲೋಟ ಟೀ ಕುಡಿದು ಓಡಿ ಬರ್ತಾರೆ. ತಿಂಡಿ ಇಲ್ಲ. ಆಟದಲ್ಲಿ ಎರಡು ಸುತ್ತಿಗೆ ಏದುಸಿರು ಬಂದರೆ ‘ಸೋಮಾರಿ’ ಅನ್ನಿಸಿಕೊಳ್ತಾರೆ. 2019ರಿಂದ 21ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಜನರಿಗೆ ರಕ್ತಹೀನತೆ ಇರುವುದು ಕಂಡುಬಂತು. ರಕ್ತ ಕಡಿಮೆ ಇದ್ದರೆ ಎಷ್ಟು ಮನಸ್ಸು ಮಾಡಿದರೂ ಕಾಲು ಓಡಲ್ಲ. ಅದು ಸೋಮಾರಿತನ ಅಲ್ಲ. ಆದ್ದರಿಂದ ಅಕ್ಕತಂಗಿಯರೇ, ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಕಿಟಕಿಯಾಚೆ ಎಸೆಯಬೇಡಿ. ಊಟದ ಮೇಲೆಯೇ ತಗೊಳ್ಳಿ, ಆಗ ಹೊಟ್ಟೆ ತೊಳಸೋದು ಕಡಿಮೆ. ಊಟದ ಜೊತೆಗೇ ಟೀ ಕುಡಿದರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತೆ. ಟೀ ಬದಲು ಸಾರಿಗೆ ನಿಂಬೆಹಣ್ಣು ಹಿಂಡಿಕೊಂಡರೆ ಚೆನ್ನಾಗಿ ಹತ್ತುತ್ತೆ. ರಾತ್ರಿ ಮಿಕ್ಕ ಅರ್ಧ ಮುದ್ದೆ ಮಜ್ಜಿಗೆಯಲ್ಲಿ ಕಿವುಚಿ ಕುಡಿದು ಬಂದರೂ ಸಾಕು, ಬರಿಹೊಟ್ಟೆಯಲ್ಲಿ ಬರಬೇಡಿ. ಅಣ್ಣತಮ್ಮಂದಿರು ಪಾತ್ರೆ ತೊಳೆದರೆ ಕೈ ಸವೆಯೋದಿಲ್ಲ ಅನ್ನೋದನ್ನೂ ಇಲ್ಲೇ ಹೇಳಿಬಿಡ್ತೀನಿ.

ಹಳ್ಳಿ ಹುಡುಗಿಯರಿಗೆ ಆಟ ಎಲ್ಲಿ ಆಗುತ್ತೆ ಅನ್ನುವವರು ಬಿ. ಚೈತ್ರಾ ಅವರನ್ನು ನೆನೆಯಲಿ. ಅವರು ನಮ್ಮದೇ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. 2025ರ ಜನವರಿ 19ರಂದು ದೆಹಲಿಯಲ್ಲಿ ಮೊದಲನೇ ಖೋ ಖೋ ವಿಶ್ವಕಪ್ ಫೈನಲ್ ನಡೆಯಿತು. ನಮ್ಮ ದೇಶದ ಹುಡುಗಿಯರು ನೇಪಾಳವನ್ನು 78–40ರಿಂದ ಸೋಲಿಸಿದರು. ಆ ಪಂದ್ಯದ ಉತ್ತಮ ಆಟಗಾರ್ತಿ ಚೈತ್ರಾ. ಖೋ ಖೋಗೆ ಬೇಕಾದದ್ದು ಎರಡು ಕಂಬ, ಒಂದು ಬಯಲು. ಎರಡೂ ನಮ್ಮಲ್ಲಿವೆ. ಕಂಬ ಒಂದು ಸ್ವಲ್ಪ ವಾಲಿದೆ, ಅಷ್ಟೇ.

ಇನ್ನೊಂದು ಮಾತು. ಕೊನೆಗೆ ಓಡಿ ಬಂದವರನ್ನು ನೋಡಿ ನಾವು ನಗುತ್ತೇವೆ. ದಪ್ಪ ಇರುವವರಿಗೆ ಒಂದು ಹೆಸರು, ಸಣ್ಣ ಇರುವವರಿಗೆ ‘ಕಡ್ಡಿ’ ಅಂತ ಇನ್ನೊಂದು ಹೆಸರು. ಒಂದು ಸಲ ನಗಿಸಿಕೊಂಡವರು ಮತ್ತೆ ಮೈದಾನಕ್ಕೆ ಬರುವುದಿಲ್ಲ, ಹೊಟ್ಟೆನೋವು ಅಂತ ಚೀಟಿ ತರ್ತಾರೆ. ಧೈರ್ಯವಾಗಿರಿ, ನಗುನಗುತ್ತಾ ಅಭ್ಯಾಸ ಮಾಡಿ ಅಂತ ಅವರಿಗೆ ಹೇಳಿದರೆ ಏನು ಬಂತು? ನಾವು ನಗುವುದನ್ನು ನಿಲ್ಲಿಸಬೇಕು. ಓಡುವವರು ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಲಿ. ಇವತ್ತು ಎಷ್ಟು ಸುತ್ತು, ಎಷ್ಟು ಹೊತ್ತು, ಬೆಳಿಗ್ಗೆ ಏನು ತಿಂದೆ, ಇಷ್ಟನ್ನೇ ಬರೆಯಲಿ. ಪಕ್ಕದವನನ್ನು ನೋಡಬೇಡಿ, ಹೋದ ತಿಂಗಳ ಹಾಳೆ ನೋಡಿ. ಹೋದ ತಿಂಗಳು ಎರಡು ಸುತ್ತಿಗೆ ನಿಂತವಳು ಈ ತಿಂಗಳು ನಾಲ್ಕು ಓಡಿದರೆ, ಅವಳು ಎಷ್ಟನೆಯವಳಾಗಿ ಬಂದಳು ಅನ್ನೋದು ಲೆಕ್ಕಕ್ಕೇ ಬರಲ್ಲ. ನಡುವೆ ಜ್ವರ ಬಂದು, ಹಬ್ಬ ಬಂದು ನಾಲ್ಕು ದಿನ ತಪ್ಪಿದರೆ ಎಲ್ಲ ಹೋಯ್ತು ಅಂತ ಬಿಟ್ಟುಬಿಡಬಾರದು. ಐದನೇ ದಿನ ಸ್ವಲ್ಪ ಕಮ್ಮಿ ಓಡಿ ಮುಂದುವರಿಸಿದರಾಯ್ತು. ಹಬ್ಬದ ಹೋಳಿಗೆಯನ್ನೂ ಬಿಡಬೇಕಾಗಿಲ್ಲ!

ಗುರುಗಳಲ್ಲಿ ನನ್ನ ವಿನಂತಿ ಎರಡೇ. ತಪ್ಪು ಮಾಡಿದವರಿಗೆ ಬೇರೆ ಶಿಕ್ಷೆ ಕೊಡಿ, ಗಿಡಕ್ಕೆ ನೀರು ಹಾಕಿಸಿ, ಪಾಠ ಎರಡು ಸಲ ಬರೆಸಿ, ಆದರೆ ಓಟವನ್ನೂ ಬಸ್ಕಿಯನ್ನೂ ಶಿಕ್ಷೆಯ ಪಟ್ಟಿಯಿಂದ ತೆಗೆಯಿರಿ. ಎರಡನೆಯದು, ಆಟದ ಸಾಮಾನಿನ ಬೀರುವಿನ ಕೀಲಿ ಸಂಜೆ ಹೊತ್ತು ಸಿಗುವಂತೆ ಮಾಡಿ. ಸಾಮಾನನ್ನು ಲೆಕ್ಕ ಇಟ್ಟು ವಾಪಸ್ ಇಡೋದಕ್ಕೆ ನಮ್ಮ ಕ್ಲಾಸಿನ ಇಬ್ಬರು ಒಪ್ಪಿದ್ದಾರೆ. ಸೋಮವಾರದಿಂದ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಮೈದಾನದಲ್ಲಿ ಇರ್ತೀವಿ. ಎರಡೇ ಸುತ್ತು, ಆಮೇಲೆ ಖೋ ಖೋ. ಬರುವವರು ಈ ಪತ್ರಿಕೆಯ ಕೆಳಗೆ ಅಂಟಿಸಿರುವ ಖಾಲಿ ಹಾಳೆಯಲ್ಲಿ ಹೆಸರು ಬರೆಯಿರಿ. ಎಂಟನೇ ಕ್ಲಾಸಿನವರೂ ಬರಬಹುದು.