ಮುತ್ಸುನ್ ನುಡಿ ಉಳಿದ ಇಗರ್ಜಿ

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಸ್ಪೇನಿನ ಫ್ರಾನ್ಸಿಸ್ಕನ್ ಪಾದ್ರಿಗಳು ಕಟ್ಟಿದ ಇಪ್ಪತ್ತೊಂದು ಮಿಶನ್‌ಗಳಲ್ಲಿ ಸಾನ್ ಹುವಾನ್ ಬೌಟಿಸ್ಟಾ ಹದಿನೈದನೆಯದು. 1797ರ ಜೂನ್ 24ರಂದು ಅದು ಸ್ಥಾಪನೆಯಾಯಿತು. ಈಗಿರುವ ದೊಡ್ಡ ಇಗರ್ಜಿಗೆ 1803ರಲ್ಲಿ ಅಡಿಗಲ್ಲಿಟ್ಟು 1812ರಲ್ಲಿ ಪ್ರತಿಷ್ಠಾಪನೆ ಮಾಡಿದರು. ನೆಲಕ್ಕೆ ಹಾಸಿದ ಕೆಲವು ಹೆಂಚುಗಳ ಮೇಲೆ ಕಾಡುಪ್ರಾಣಿಗಳ ಹೆಜ್ಜೆಗುರುತುಗಳಿವೆ. ಹಸಿ ಹೆಂಚನ್ನು ಬಿಸಿಲಿಗೆ ಒಣಗಲಿಟ್ಟಿದ್ದಾಗ ಅವು ತುಳಿದು ಹೋಗಿದ್ದವು.

ಹೆಂಚು ಮಾಡಿದ ಕೈಗಳ ಗುರುತು ಮಾತ್ರ ಎಲ್ಲಿಯೂ ಇಲ್ಲ. ದುಡಿದವರು ಆ ನೆಲದ ಮುತ್ಸುನ್ ಜನರು. ಒಮ್ಮೆ ದೀಕ್ಷಾಸ್ನಾನ ಪಡೆದವರು ಅಪ್ಪಣೆಯಿಲ್ಲದೆ ಮಿಶನ್ ಬಿಟ್ಟು ಹೋಗುವಂತಿರಲಿಲ್ಲ. ಓಡಿಹೋದವರನ್ನು ಸೈನಿಕರು ಹಿಡಿದು ತರುತ್ತಿದ್ದರು. ದಡಾರದಂಥ ಹೊಸ ರೋಗಗಳು ಅವರನ್ನು ಗುಂಪುಗುಂಪಾಗಿ ಕೊಂದವು. ಇಗರ್ಜಿಯ ಮಗ್ಗುಲಿನ ಚಿಕ್ಕ ಸ್ಮಶಾನದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮೂಲನಿವಾಸಿಗಳನ್ನು ಹೂಳಲಾಗಿದೆ.

1808ರಲ್ಲಿ ಇಲ್ಲಿಗೆ ಬಂದ ಫೆಲಿಪೆ ಅರೋಯೊ ದೆ ಲಾ ಕ್ವೆಸ್ಟಾ ಎಂಬ ಪಾದ್ರಿ ಮುತ್ಸುನ್ ಕಲಿತು ಅದರ ವ್ಯಾಕರಣವನ್ನೂ ಸಾವಿರಾರು ನುಡಿಗಟ್ಟುಗಳನ್ನೂ ಬರೆದಿಟ್ಟನು. ಆತನ ಉದ್ದೇಶ ಧರ್ಮಬೋಧೆಯೇ ಹೊರತು ನುಡಿಯ ರಕ್ಷಣೆಯಲ್ಲ. ಆದರೂ ಬರಹ ಉಳಿಯಿತು. ಆತ ತೀರಿಕೊಂಡ ಎರಡು ದಶಕಗಳ ಬಳಿಕ, 1861-62ರಲ್ಲಿ, ನ್ಯೂಯಾರ್ಕಿನಲ್ಲಿ ಅಚ್ಚಾಯಿತು.

ಅಷ್ಟರಲ್ಲಿ ಮಿಶನ್ನಿನ ಭೂಮಿ ಪರರ ಪಾಲಾಗಿತ್ತು. ಮುತ್ಸುನ್ ಕುಟುಂಬಗಳು ಕೂಲಿಗೆ ಚದುರಿದವು, ಮನೆಮಾತು ಸ್ಪ್ಯಾನಿಷ್ ಆಯಿತು, ಬಳಿಕ ಇಂಗ್ಲಿಷ್ ಬಂದಿತು. 1906ರ ಭೂಕಂಪದಲ್ಲಿ ಇಗರ್ಜಿಯ ಪಕ್ಕದ ಗೋಡೆಗಳು ಕುಸಿದವು. ಗೋಡೆಗಳನ್ನು ಮತ್ತೆ ಎಬ್ಬಿಸಲು ಸಾಧ್ಯವಾಯಿತು; ಮಾತಿನ ಕುಸಿತವನ್ನು ಮಾತ್ರ ಯಾರೂ ಅಳೆಯಲಿಲ್ಲ.

ಮುತ್ಸುನ್ ನುಡಿಯನ್ನು ಚೆನ್ನಾಗಿ ಬಲ್ಲ ಕೊನೆಯವಳು ಅಸೆನ್ಸಿಯೋನ್ ಸೊಲೋರ್ಸಾನೊ ಎಂಬ ನಾಟಿವೈದ್ಯೆ. ಕೊನೆಯ ಕಾಯಿಲೆಯಲ್ಲಿ ಮಲಗಿದ್ದ ಆ ಅಜ್ಜಿಯ ಬಳಿ ಕುಳಿತು, 1929ರಲ್ಲಿ ಜಾನ್ ಹ್ಯಾರಿಂಗ್ಟನ್ ಎಂಬ ವಿದ್ವಾಂಸನು ಪದ, ಕಥೆ, ಗಿಡಮೂಲಿಕೆಗಳ ವಿವರಗಳನ್ನು ಪುಟಗಟ್ಟಲೆ ಬರೆದುಕೊಂಡನು. 1930ರ ಜನವರಿಯಲ್ಲಿ ಆಕೆ ತೀರಿಕೊಂಡಳು. ಸಮಾಧಿಯಾದದ್ದು ಅದೇ ಇಗರ್ಜಿಯ ಮಗ್ಗುಲಲ್ಲಿ.

ಪಾದ್ರಿಯ ಬರಹವನ್ನೂ ಅಜ್ಜಿಯ ಮಾತನ್ನೂ ಒಟ್ಟುಗೂಡಿಸಿ, ಭಾಷಾವಿಜ್ಞಾನಿಗಳೊಡನೆ ಮುತ್ಸುನ್ ಸಮುದಾಯದವರೇ ದುಡಿದು 2016ರಲ್ಲಿ ಒಂದು ನಿಘಂಟನ್ನು ಹೊರತಂದರು. ಅಜ್ಜಿ ಸತ್ತು ಎಂಬತ್ತಾರು ವರ್ಷಗಳಾಗಿದ್ದವು. ಹೆತ್ತವರಿಂದ ಕೇಳಿರದ ನುಡಿಯನ್ನು ಆ ಕುಟುಂಬಗಳು ಈಗ ಪುಸ್ತಕ ನೋಡಿ ಕಲಿಯುತ್ತಿವೆ.